ಕಾರ್ನಿಯಾ 498 ಮೈಕ್ರಾನ್, ಪವರ್ −6.5: ಲೇಸಿಕ್ ಮಾಡಿಸಬಹುದಾ?

ಪ್ರಶ್ನೆ:
ಎರಡೂ ಕಣ್ಣಿಗೆ −6.5, ಸಿಲಿಂಡರ್ (ಓರೆ ಪವರ್) ಇಲ್ಲ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ 498 ಮೈಕ್ರಾನ್, ಅಂದರೆ ಸುಮಾರು ಅರ್ಧ ಮಿ.ಮೀ. ಒಂದು ಕಡೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಆಗುತ್ತೆ ಅಂದರು, ಇನ್ನೊಂದು ಕಡೆ ಬೇಡವೇ ಬೇಡ ಅಂದರು. ರಿಪೋರ್ಟ್ ಒಂದೇ. ಯಾರದು ಸರಿ?

ಉತ್ತರ 1:
ಇಬ್ಬರದೂ ತಪ್ಪಲ್ಲ, ಲೆಕ್ಕದ ದಾರಿ ಬೇರೆ. ಲೇಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲಿಂದ ಸುಮಾರು 110 ಮೈಕ್ರಾನ್ ದಪ್ಪದ ಫ್ಲ್ಯಾಪ್ (ಮುಚ್ಚಳದಂಥ ಪದರ) ಎತ್ತುತ್ತಾರೆ. ವಾಪಸ್ ಮುಚ್ಚಿದರೂ ಅದಕ್ಕೆ ಮೊದಲಿನ ಬಿಗಿ ಬರಲ್ಲ, ಹಾಗಾಗಿ ಅದನ್ನು ಕಳೆದೇಬಿಡಬೇಕು. ಆಮೇಲೆ 6.5 ಮಿ.ಮೀ. ಅಗಲದಲ್ಲಿ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್‌ನಂತೆ ಲೇಸರ್ ತೆಗೆಯುವುದು 91. ಉಳಿಯೋದು 297. ಕನಿಷ್ಠ 250 ಉಳಿದರೆ ಸಾಕು ಅನ್ನೋರು ಒಪ್ಪುತ್ತಾರೆ. ಆದರೆ 110 ಮತ್ತು 91 ಸೇರಿ 201, ಅಂದರೆ ಒಟ್ಟು ದಪ್ಪದ ಶೇ 40ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಂದಾಚೆಗೆ ಕಾರ್ನಿಯಾ ಸಡಿಲವಾಗಿ ಮುಂದಕ್ಕೆ ಉಬ್ಬುವ ಅಪಾಯ ಏರುತ್ತೆ. ಅದೇ ಎಕ್ಟೇಷಿಯಾ. ನನ್ನ ಪ್ರಕಾರ ಬೇಡ ಅಂದವರ ಮಾತು ಕೇಳಿ.

ಪ್ರಶ್ನೆ ಕೇಳಿದವರು:
ಲೇಸರ್ ಅಗಲ 6 ಮಿ.ಮೀ.ಗೆ ಇಳಿಸಿದರೆ?

ಉತ್ತರ 1:
ಪವರ್‌ಗೆ 12ರಂತೆ 78 ಸಾಕಾಗುತ್ತೆ, ಫ್ಲ್ಯಾಪ್ ಸೇರಿಸಿದರೂ ಶೇ 38ರ ಒಳಗೇ ನಿಲ್ಲುತ್ತೆ. ಆದರೆ ಕತ್ತಲಲ್ಲಿ ಪಾಪೆ ಅದಕ್ಕಿಂತ ಅಗಲ ಅರಳಿದರೆ ಎದುರು ಗಾಡಿಯ ಲೈಟಿನ ಸುತ್ತ ಬಳೆಬಳೆ ಕಾಣಬಹುದು. ರಾತ್ರಿ ಗಾಡಿ ಓಡಿಸುವುದಿದ್ದರೆ ಮಂದ ಬೆಳಕಲ್ಲಿ ಪಾಪೆ ಅಳೆಸದೆ ಒಪ್ಪಬೇಡಿ.

ಉತ್ತರ 2:
ದಪ್ಪವೊಂದನ್ನೇ ಹಿಡಿದು ಕೂರಬೇಡಿ, ಕಾರ್ನಿಯಾದ ಆಕಾರ ತೋರಿಸುವ ಟೊಪೊಗ್ರಫಿ ನಕ್ಷೆ ಮುಖ್ಯ. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಸುಳಿವಿದ್ದರೆ 550 ಇದ್ದರೂ ಲೇಸಿಕ್ ಕೂಡದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆ ಸಾಫ್ಟ್ ಆದರೆ 1–2 ವಾರ, ಗಟ್ಟಿಯದಾದರೆ 3–4 ವಾರ ಬಿಡಬೇಕು. ಇಲ್ಲದಿದ್ದರೆ ಲೆನ್ಸ್ ಒತ್ತಿದ ಆಕಾರವೇ ನಕ್ಷೆಗೆ ಬರುತ್ತೆ.

ಲೇಸಿಕ್ ಬೇಡವಾದರೆ ಪಿಆರ್‌ಕೆ ಅನ್ನೋ ಇನ್ನೊಂದು ಲೇಸರ್ ವಿಧಾನ ಇದೆ, ಅದರಲ್ಲಿ ಫ್ಲ್ಯಾಪ್ ಇಲ್ಲ. ಸುಮಾರು 50 ಮೈಕ್ರಾನ್‌ನ ಮೇಲ್ಪದರ ಕೆರೆದು ತೆಗೆಯುತ್ತಾರೆ, ಕೆಲವೇ ದಿನದಲ್ಲಿ ಮತ್ತೆ ಬೆಳೆಯುತ್ತೆ. ಮೊದಲ ಮೂರು ದಿನ ಉರಿ, ನೀರು ಇದ್ದದ್ದೇ. −6 ದಾಟಿದಾಗ ಕಾರ್ನಿಯಾ ಮಬ್ಬಾಗುವ ಭಯ ಹೆಚ್ಚು, ಅದಕ್ಕೆ ಮೈಟೊಮೈಸಿನ್ ಔಷಧಿ ಸವರುತ್ತಾರೆ. ಐಸಿಎಲ್ (ಕಣ್ಣೊಳಗೆ ಹಾಕುವ ಲೆನ್ಸ್) ಆದರೆ ಕಾರ್ನಿಯಾ ಕೆರೆಯೋದೇ ಇಲ್ಲ, ಐರಿಸ್ (ಪಾಪೆ ಸುತ್ತಲಿನ ಬಣ್ಣದ ಪರದೆ) ಹಿಂದೆ ಲೆನ್ಸ್ ಕೂರಿಸುತ್ತಾರೆ. ಅದಕ್ಕೆ ಕಣ್ಣಿನ ಮುಂಗೋಣೆ (ಕಾರ್ನಿಯಾ ಮತ್ತು ಕಣ್ಣಿನ ಸಹಜ ಲೆನ್ಸ್ ನಡುವಿನ ಜಾಗ) ಕನಿಷ್ಠ 2.8 ಮಿ.ಮೀ. ಆಳ ಇರಬೇಕು.

ಉತ್ತರ 3:
ಯಾವುದೇ ಮಾಡಿಸಿ, ಕನ್ನಡಕ ಹೋದರೂ ಮೈನಸ್ ಪವರ್‌ಗೆ ಕಾರಣವಾದ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತೆ. ಅದರಿಂದ ರೆಟಿನಾ (ಕಣ್ಣಿನ ಹಿಂಬದಿಯ ಪದರ) ಹರಿಯುವ ಅಪಾಯ ಹಾಗೇ ಉಳಿಯುತ್ತೆ, ಆದ್ದರಿಂದ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಪಾಪೆ ಅರಳಿಸಿ ತೋರಿಸಿಕೊಳ್ಳಿ. ಈಗಿನ ರಿಪೋರ್ಟ್‌ಗಳನ್ನು ಎಸೆಯಬೇಡಿ: ಮುಂದೆ ಪೊರೆ ಆಪರೇಷನ್‌ಗೆ ಲೆನ್ಸ್ ಲೆಕ್ಕ ಹಾಕುವಾಗ ಬೇಕಾಗುತ್ತವೆ.