ಮನೆಗೆ ಹೊಸದಾಗಿ ಬಂದ ನಾಯಿ ಮತ್ತು ಮೊದಲ ಕ್ರಿಸ್ಮಸ್: ಅನುಭವ ಇದ್ದವರು ದಯವಿಟ್ಟು ತಿಳಿಸಿ

ನಮ್ಮದು ಮಂಗಳೂರು. ನವೆಂಬರ್ ಕೊನೆಯಲ್ಲಿ ಆಶ್ರಯ ಕೇಂದ್ರವೊಂದರಿಂದ ಎರಡು ವರ್ಷದ ದೇಶಿ ಹೆಣ್ಣುನಾಯಿಯನ್ನು ತಂದಿದ್ದೇವೆ. ಹೆಸರು ಚಿನ್ನು. ಸ್ಕೂಟರ್ ಬಡಿದು ಮುರಿದಿದ್ದ ಕಾಲು ಈಗ ವಾಸಿಯಾಗಿದೆ, ಹೆದರಿಕೆ ಹೋಗಿಲ್ಲ. ಮಿಕ್ಸಿ ಸದ್ದಿಗೂ ಮಂಚದ ಕೆಳಗೆ ಓಡುತ್ತಾಳೆ. ಹಬ್ಬಕ್ಕೆ ಮುಂಬೈ, ದುಬೈಯಿಂದ ಹದಿನಾಲ್ಕು ಮಂದಿ ಬರುತ್ತಾರೆ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಮರ, ನಕ್ಷತ್ರ, ಕ್ಯಾರಲ್ ತಂಡ ಎಲ್ಲವೂ ಇರುತ್ತದೆ. ಅವಳಿಗೆ ಕಷ್ಟವಾಗದಂತೆ ಹೇಗೆ ನಿಭಾಯಿಸುವುದು?

•

ಆರು ವರ್ಷದ ಹಿಂದೆ ನಾವೂ ಡಿಸೆಂಬರಿನಲ್ಲೇ ಕರಿಯನನ್ನು ತಂದಿದ್ದೆವು. ಅವನು ಮನೆಯ ಮೂಲೆ ಮೂಲೆ ಮೂಸಿ, ಸೋಫಾದ ಪಕ್ಕದ ಜಾಗ ತನ್ನದು ಎಂದು ಗೊತ್ತುಮಾಡಿಕೊಂಡಿದ್ದ, ಅಷ್ಟೇ. ನಾವು ಆ ಸೋಫಾವನ್ನೇ ಸರಿಸಿ ಮರ ನಿಲ್ಲಿಸಿ, ಮಿಣುಕುವ ದೀಪ ಹಾಕಿಬಿಟ್ಟೆವು. ಆ ರಾತ್ರಿ ಅವನು ಊಟ ಮುಟ್ಟಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಮುದುಡಿ ಮಲಗಿದ. ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ನಮಗೆ ಅದು ಅಲಂಕಾರ. ಅವನಿಗೆ ಆಗಷ್ಟೇ ಸಿಕ್ಕಿದ ಮನೆ ಕೈತಪ್ಪಿದಂತಾಗಿತ್ತು.

ಆದ್ದರಿಂದ ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ನಕ್ಷತ್ರವನ್ನು ಮೊದಲು ನೆಲದಲ್ಲಿಡಿ, ಚಿನ್ನು ಮೂಸಿ ನೋಡಲಿ. ಮರುದಿನ ತೂಗುಹಾಕಿ, ದೀಪವನ್ನು ಅದರ ಮರುದಿನ ಹಚ್ಚಿ. ಮಿಣುಕುವ ದೀಪಕ್ಕಿಂತ ಸುಮ್ಮನೆ ಉರಿಯುವ ದೀಪ ಒಳ್ಳೆಯದು. ಗಾಳಿಮರದ ಕೊಂಬೆ ತರುವುದಾದರೆ ಬೀಳದಂತೆ ಗೋಡೆಗೆ ಕಟ್ಟಿ. ಕರಿಯ ಮೊದಲ ದಿನವೇ ಅದರ ಬುಡಕ್ಕೆ ಕಾಲೆತ್ತಿದ. ಬೀದಿಯಲ್ಲಿ ಬೆಳೆದವನು, ಮರ ಮನೆಯೊಳಗೂ ಇರುತ್ತದೆಂದು ಅವನಿಗೆ ಹೇಳಿಕೊಟ್ಟವರು ಯಾರು? ಬೈಯದೆ ಒರೆಸಿದೆವು.

ಹಬ್ಬ ಕಾಲಿಡದ ಒಂದು ಕೋಣೆ ಅವಳಿಗೆ ಬೇಕೇ ಬೇಕು. ಇಂದಿನಿಂದಲೇ ಊಟ ಅಲ್ಲೇ ಹಾಕಿ. ನೆಂಟರು ಬಂದ ಮೇಲೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರೆ ಅದು ಶಿಕ್ಷೆಯಾಗುತ್ತದೆ, ತಾನಾಗಿ ಹೋಗಿ ಮಲಗುವಂತಾದರೆ ಆಸರೆಯಾಗುತ್ತದೆ. ಫ್ಯಾನ್ ಅಥವಾ ರೇಡಿಯೊ ಸಣ್ಣಗೆ ಹಾಕಿಟ್ಟರೆ ಹೊರಗಿನ ಗದ್ದಲ ಕಡಿಮೆ ಕೇಳಿಸುತ್ತದೆ. ಮಕ್ಕಳಿಗೆ ಆ ಕೋಣೆಗೆ ಪ್ರವೇಶವಿಲ್ಲ ಎಂದು ಮೊದಲೇ ಹೇಳಿ, ಬೇಸರವಾದರೂ ಪರವಾಗಿಲ್ಲ.

ಅವಳ ಮುಖ ನೋಡುತ್ತಿರಿ. ನಿದ್ದೆ ಬರದಿದ್ದರೂ ಆಕಳಿಸುವುದು, ಏನೂ ತಿನ್ನದೆ ಮೂತಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಗೆ ಅಂಟುವುದು, ಇವೆಲ್ಲ 'ಸಾಕು' ಎನ್ನುವ ಮಾತುಗಳೇ. ನಮ್ಮ ಮಾವ ಸಾಂತಾ ಮುಖವಾಡ ಹಾಕಿಕೊಂಡು ಬಗ್ಗಿದಾಗ ಕರಿಯ ಗುರುಗುಟ್ಟಿದ. ಯಾರೋ ಗದರಿದರು, ನಾನು ತಡೆದೆ. ಗುರುಗುಟ್ಟಲು ಬಿಡದಿದ್ದರೆ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚಬಹುದು. ಮಾವ ಮುಖವಾಡ ತೆಗೆದು ಪಕ್ಕಕ್ಕೆ ತಿರುಗಿ ಕುಳಿತರು. ಹತ್ತು ನಿಮಿಷದ ಮೇಲೆ ಅವನೇ ಬಂದು ಅವರ ಅಂಗೈ ಮೂಸಿದ.

ಇನ್ನೊಂದು ಸಂಗತಿ. ಗೋದಲಿಗೆ ತಂದ ಬೈಹುಲ್ಲಿನ ಕಂತೆ ಜಗಲಿಯಲ್ಲಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕರಿಯ ಅದರೊಳಗೆ ಗುಳಿ ಮಾಡಿಕೊಂಡು ಮಲಗಿದ್ದ, ಮೂಗಿನ ಮೇಲೆ ಒಂದು ಒಣ ಎಸಳು. ಬಂದಂದಿನಿಂದ ಅಷ್ಟು ಗಾಢವಾಗಿ ಅವನು ಮಲಗಿದ್ದೇ ಇಲ್ಲ. ಅರ್ಧ ಹುಲ್ಲನ್ನು ಅವನ ಕೋಣೆಗೇ ಹಾಕಿದೆವು, ಆ ವರ್ಷ ಗೋದಲಿ ಸ್ವಲ್ಪ ಬೋಳಾಯಿತು.

•

ಮೇಲಿನವರು ತಿನಿಸಿನ ಬಗ್ಗೆ ಬರೆದಿಲ್ಲ. ನಾನು ಪೆಟ್ಟು ತಿಂದವಳು, ಹೇಳಲೇಬೇಕು. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯನ್ನು ಟೀಪಾಯ್ ಮೇಲೆ ಇಡಬೇಡಿ. ಪ್ಲಮ್ ಕೇಕಿನಲ್ಲಿ ಒಣದ್ರಾಕ್ಷಿ ತುಂಬಿರುತ್ತದೆ, ಕರಿಗಡುಬಿನಂಥ ನೆವ್ರಿಯ ಹೂರಣದಲ್ಲೂ ಹಲವರು ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು, ಇಷ್ಟು ತಿಂದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ. ನಮ್ಮವಳು ಒಂದು ತುಂಡು ಕೇಕ್ ಕದ್ದು ತಿಂದಾಗ ಚೆನ್ನಾಗಿಯೇ ಇದ್ದಳು, ಬೆಳಿಗ್ಗೆ ನೋಡೋಣ ಎಂದುಕೊಂಡೆವು. ಬೆಳಗಿನ ಜಾವ ವಾಂತಿ ಶುರುವಾಯಿತು. ನಾಲ್ಕು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಲಕ್ಷಣಕ್ಕೆ ಕಾಯದೆ ತಕ್ಷಣ ಪಶುವೈದ್ಯರಿಗೆ ಕರೆ ಮಾಡಿ. ವಾಂತಿ ಮಾಡಿಸುವುದಾದರೆ ಅವರೇ ಮಾಡಿಸಲಿ, ಉಪ್ಪುನೀರು ಕುಡಿಸಬೇಡಿ. ಚಾಕೊಲೇಟ್ ಕೂಡ ವಿಷ, ಕಪ್ಪಾದಷ್ಟೂ ಹೆಚ್ಚು. ಹಂದಿಮಾಂಸದ ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಇಡ್ಲಿಯಂಥ ಸನ್ನದ ಒಂದು ಚೂರು ಕೊಟ್ಟರೆ ಏನೂ ಆಗದು, ಸಾರಿನಲ್ಲಿ ಅದ್ದದೆ ಕೊಡಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ.

•

ಪಟಾಕಿಗೆ ತೀರಾ ನಡುಗುವ ನಾಯಿಗಳಿಗೆ ಪಶುವೈದ್ಯರು ಮಾತ್ರೆ ಕೊಡುತ್ತಾರೆ. 24ರ ಸಂಜೆ ಓಡಬೇಡಿ, ಈ ವಾರವೇ ಕೇಳಿ, ಒಮ್ಮೆ ಕೊಟ್ಟು ನೋಡಿ. ಮನುಷ್ಯರ ನಿದ್ದೆಮಾತ್ರೆ ಮಾತ್ರ ಬೇಡ. ಅವಳು ಹತ್ತಿರ ಬಂದರೆ ಧಾರಾಳವಾಗಿ ಅಪ್ಪಿಕೊಳ್ಳಿ, ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವುದು ತಪ್ಪು ತಿಳಿವಳಿಕೆ.

•

ಗೇಟು! ನೆಂಟರು ಗೇಟು ಹಾಕುವುದಿಲ್ಲ. ನಮ್ಮ ನಾಯಿ ತಪ್ಪಿಸಿಕೊಂಡದ್ದು ಹಾಗೆಯೇ, ಎರಡು ದಿನದ ಮೇಲೆ ಸಿಕ್ಕಿತು. ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಬರೆಸಿ, ಚರ್ಚಿನ ಪೂಜೆಗೆ ಹೊರಡುವ ಮೊದಲು ಕೋಣೆಯ ಚಿಲಕ ನೋಡಿ.

•

ಎಲ್ಲರಿಗೂ ತುಂಬಾ ಧನ್ಯವಾದ. ಮಹಡಿಯ ಸಣ್ಣ ಕೋಣೆಯಲ್ಲಿ ನಿನ್ನೆಯಿಂದ ಚಿನ್ನುವಿಗೆ ಊಟ ಹಾಕುತ್ತಿದ್ದೇನೆ. ಕ್ಯಾರಲ್ ತಂಡದವರು ನಮ್ಮ ಮನೆಯ ಮುಂದೆ ಡ್ರಮ್ ಬಾರಿಸದೆ, ಗೇಟಿನ ಹೊರಗೇ ನಿಂತು ಎರಡು ಹಾಡು ಹಾಡಲು ಒಪ್ಪಿದ್ದಾರೆ. ಬೈಹುಲ್ಲನ್ನು ಒಂದು ಕಂತೆ ಹೆಚ್ಚಿಗೆ ತರಿಸುತ್ತಿದ್ದೇನೆ.