ಬಿಡಿಸಿದರೆ ಫೋಟೋ, ಬಿಟ್ಟರೆ ಬರೀ ಬಣ್ಣ: ಗದ್ದೆಯನ್ನು ಅಬ್‌ಸ್ಟ್ರಾಕ್ಟ್ ಮಾಡುವುದು ಹೇಗೆ?

ನಾಲೆಏರಿ:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು. ಭಾನುವಾರ ಬಂತೆಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ ಕೂತು ಜಲವರ್ಣದಲ್ಲಿ ಗದ್ದೆ ಬಿಡಿಸುತ್ತೇನೆ. ತೆಂಗಿನಮರ, ಪಂಪ್‌ಸೆಟ್ ಮನೆ, ದೂರದ ಕಬ್ಬು ಎಲ್ಲ ಇದ್ದ ಹಾಗೇ ಬರುತ್ತದೆ. ಮನೆಯವರು ಥೇಟ್ ಫೋಟೋ ಅನ್ನುತ್ತಾರೆ, ನನಗೆ ಅದೇ ಬೇಜಾರು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿರುತ್ತಾರಲ್ಲ, ಆಗ ಆಕಾಶವೆಲ್ಲ ಕೆಳಗೇ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಮರವೂ ಕಾಣುವುದಿಲ್ಲ, ಮನೆಯೂ ಕಾಣುವುದಿಲ್ಲ, ಬರೀ ಬೆಳಕಿನ ತುಂಡುಗಳು. ನನಗೆ ಅದು ಬೇಕು, ಅಂದರೆ ಅಬ್‌ಸ್ಟ್ರಾಕ್ಟ್, ವಸ್ತುವನ್ನು ಇದ್ದ ಹಾಗೇ ಬರೆಯದೆ ಗೆರೆ, ಬಣ್ಣದಲ್ಲೇ ಹೇಳುವುದು. ಆದರೆ ಮರ ತೆಗೆದು, ಮನೆ ತೆಗೆದು ಬರೆದರೆ ಕೊನೆಗೆ ಉಳಿಯುವುದು ಹೋಟೆಲ್ ಲಾಬಿಯಲ್ಲಿ ನೇತುಹಾಕುವ ಥರದ್ದು. ಯಾವ ಊರಿನದಾದರೂ ಆಗಬಹುದು, ಗದ್ದೆಯೇ ಅಲ್ಲದೆಯೂ ಇರಬಹುದು. ಎಷ್ಟು ಬಿಡಬೇಕು, ಯಾವುದನ್ನು ಬಿಡಬಾರದು, ಇದಕ್ಕೆ ಏನಾದರೂ ಲೆಕ್ಕ ಇದೆಯಾ? ಸುಮ್ನೆ "ಮನಸ್ಸಿಗೆ ಬಂದ ಹಾಗೆ ಮಾಡಿ" ಅನ್ನಬೇಡಿ, ಪ್ಲೀಸ್.

ಚಾರ್ಕೋಲ್_ಮೈಸೂರು:
ನೀವು ಒಂದೊಂದೇ ವಸ್ತು ತೆಗೆಯುತ್ತಾ ಹೋಗುತ್ತಿದ್ದೀರಿ, ತೊಂದರೆ ಇರುವುದು ಅಲ್ಲೇ. ಏನನ್ನು ತೆಗೆಯಬೇಕು ಅಂತ ಯೋಚಿಸುವ ಮೊದಲು ಏನನ್ನು ಕೊನೆತನಕ ಹಿಡಿದಿರಬೇಕು ಅಂತ ತೀರ್ಮಾನ ಮಾಡಿ. ಡಚ್ ಚಿತ್ರಕಾರ ಮಾಂಡ್ರಿಯನ್ ಬರೆದ ಮರಗಳನ್ನು ಒಟ್ಟಿಗೆ ಇಟ್ಟು ನೋಡಿ. 1908-10ರ ಕೆಂಪು ಮರ, 1911ರ ಬೂದು ಮರ, 1912ರ ಹೂಬಿಟ್ಟ ಸೇಬಿನ ಮರ. ಮೊದಲನೆಯದು ನೋಡಿದ ಕೂಡಲೇ ಮರ. ಎರಡನೆಯದರಲ್ಲಿ ಬಣ್ಣ ಹೋಗಿದೆ, ಕೊಂಬೆಗೆ ಇರುವಷ್ಟೇ ತೂಕ ಕೊಂಬೆಗಳ ನಡುವಿನ ಖಾಲಿ ಜಾಗಕ್ಕೂ ಬಂದಿದೆ. ಮೂರನೆಯದರಲ್ಲಿ ಬರೀ ಬಾಗಿದ ಗೆರೆಗಳು. ಆದರೂ ಕಾಂಡದಿಂದ ಎರಡೂ ಕಡೆಗೆ ಹರಡುವ ಆ ಬಾಗು ಮೂರರಲ್ಲೂ ಇದೆ. ಆತ ಬಿಡದೆ ಇಟ್ಟುಕೊಂಡದ್ದು ಅದನ್ನು.

ನಿಮ್ಮ ಗದ್ದೆಯಲ್ಲಿ ಅಂಥದ್ದು ಬದು. ನೀರು ಮಟ್ಟವಾಗಿ ನಿಲ್ಲಬೇಕಲ್ಲ, ಹಾಗಾಗಿ ನೆಲ ಇಳಿದ ಕಡೆಗೆ ಬದುವೂ ಬಾಗುತ್ತದೆ. ಸ್ಕೇಲ್ ಇಟ್ಟು ಎಳೆದ ಚೌಕ ಬರೆದರೆ ಅದು ಯಾವ ಊರೂ ಅಲ್ಲ, ಆ ವಕ್ರ ಗೆರೆಗಳನ್ನು ನೋಡಿ ಬರೆದರೆ ಬೇರೆ ಏನೂ ಇಲ್ಲದಿದ್ದರೂ ನಿಮ್ಮ ಊರಿನ ಗದ್ದೆಯೇ. ಮುಂದಿನ ಸಲ ಬಣ್ಣ ಮನೆಯಲ್ಲೇ ಬಿಟ್ಟು ಹೋಗಿ. ಚಾರ್ಕೋಲ್‌ನಲ್ಲಿ ಬದು ಮಾತ್ರ ಎಳೆಯಿರಿ. ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡಿ, ಕಪ್ಪು, ನಡುವಿನ ಬೂದು, ಬಿಳಿ, ಮೂರೇ ಟೋನ್ ತುಂಬಿ. ಪೇಂಟಿಂಗ್ ಮಾಡುವುದು ಮನೆಗೆ ಬಂದ ಮೇಲೆ, ಆ ಸ್ಕೆಚ್ ನೋಡಿಕೊಂಡು. ಎದುರಿಗೆ ಗದ್ದೆ ಇದ್ದರೆ ಕೈ ಸುಮ್ಮನಿರುವುದಿಲ್ಲ, ತೆಂಗಿನಮರ ಬಂದೇ ಬರುತ್ತದೆ.

ಸಕ್ಕರೆಸೀಮೆ:
ನನ್ನದು ಸ್ವಲ್ಪ ಒರಟು ಪ್ರಶ್ನೆ. ನೋಡುವವನಿಗೆ ಗದ್ದೆ ಅಂತ ಗೊತ್ತಾಗದಿದ್ದರೆ ಕೆಳಗೆ "ಗದ್ದೆ" ಅಂತ ಚೀಟಿ ಯಾಕೆ ಅಂಟಿಸಬೇಕು? ಮೈಸೂರು ಅರಮನೆ ಆಶ್ರಯದಲ್ಲಿದ್ದ ನಮ್ಮ ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬರೆದಿದ್ದಾರೆ. ಅವರಿಗೆ ಇದೆಲ್ಲ ಬೇಕಾಗಿರಲಿಲ್ಲ. ಒಂದೊಂದು ಮರವೂ ಮರವೇ. ಕೈ ಸಾಗದವರು ಅಬ್‌ಸ್ಟ್ರಾಕ್ಟ್ ಅಂತ ಹೇಳಿ ತಪ್ಪಿಸಿಕೊಳ್ಳುವುದೇ ಜಾಸ್ತಿ, ಅಲ್ವಾ?

ಚಾರ್ಕೋಲ್_ಮೈಸೂರು:
ತಪ್ಪಿಸಿಕೊಳ್ಳುವವರು ಇದ್ದಾರೆ, ಒಪ್ಪಿದೆ. ಆದರೆ ವೆಂಕಟಪ್ಪನವರನ್ನು ನಿಮ್ಮ ಕಡೆಗೆ ಅಷ್ಟು ಸುಲಭವಾಗಿ ಎಳೆದುಕೊಳ್ಳಬೇಡಿ ಸಾರ್. ಮಂಜು, ಮೋಡ ಇರುವ ಆ ಊಟಿ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಮಂಜು ಬಂದ ಕಡೆ ಬೆಟ್ಟ ಅರ್ಧಕ್ಕೇ ನಿಲ್ಲುತ್ತದೆ, ಉಳಿದದ್ದು ತೆಳು ವಾಶ್, ಅಂದರೆ ನೀರು ಜಾಸ್ತಿ ಹಾಕಿ ಹಚ್ಚಿದ ಬಣ್ಣ. ಆ ಜಾಗದಲ್ಲಿ ಬಿಡುವುದನ್ನು ಅವರೂ ಬಿಟ್ಟಿದ್ದಾರೆ. ಅವರನ್ನು ಅಬ್‌ಸ್ಟ್ರಾಕ್ಟ್ ಕಲಾವಿದ ಅಂತ ನಾನು ಕರೆಯುತ್ತಿಲ್ಲ, ಮಂಜು ಸರಿದರೆ ಬೆಟ್ಟ ಅಲ್ಲೇ ಇರುತ್ತದೆ.

ಕರಿಘಟ್ಟ_ಮೆಟ್ಟಿಲು:
ನಾಲೆಏರಿ ಅವರೇ, ಆಕಾಶದ ಗೆರೆ ತೆಗೆದು ನೋಡಿದ್ದೀರಾ? ಕ್ಷಿತಿಜ ಒಂದು ಇದ್ದರೆ ಸಾಕು, ಕಣ್ಣು ತಾನಾಗೇ "ಇದು ದೂರ, ಇದು ಹತ್ತಿರ" ಅಂತ ಲೆಕ್ಕ ಹಾಕುತ್ತದೆ, ಆಮೇಲೆ ಮರ ಇಲ್ಲದಿದ್ದರೆ ಏನೋ ಕಳೆದುಹೋದ ಹಾಗೆ ಅನಿಸುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟ ಹತ್ತಿ ಕೆಳಗೆ ನೋಡಿ. ಲೋಕಪಾವನಿ, ಗದ್ದೆ, ತೋಟ ಎಲ್ಲ ಚಪ್ಪಟೆಯಾಗಿ ಒಂದರ ಪಕ್ಕ ಒಂದು ಬರುತ್ತವೆ. ಅಮೆರಿಕದ ರಿಚರ್ಡ್ ಡೀಬೆನ್‌ಕಾರ್ನ್ 1951ರಲ್ಲಿ ವಿಮಾನದಿಂದ ನೆಲ ನೋಡಿದ್ದು ಅವರ ಚಿತ್ರಗಳಲ್ಲಿ ಉಳಿದುಕೊಂಡಿತು. 1967ರಿಂದ ಮಾಡಿದ ಓಷನ್ ಪಾರ್ಕ್ ಸರಣಿ ಹುಡುಕಿ ನೋಡಿ. ಅಳಿಸಿ ತಿದ್ದಿದ ಗೆರೆಗಳು ಕೂಡ ಹಾಗೇ ಕಾಣುತ್ತವೆ, ನನಗಂತೂ ಅದೇ ಇಷ್ಟ.

ಅರೆಬಣ್ಣ:
ಅಷ್ಟು ದೂರ ಯಾಕೆ, ನಮ್ಮ ದೇಶದ ಚಿತ್ರಕಾರ ರಾಮ್ ಕುಮಾರ್ ಇಲ್ವಾ? ಮೊದಲು ಮನುಷ್ಯರನ್ನೇ ಬರೆಯುತ್ತಿದ್ದವರು. 1960ರಲ್ಲಿ ಚಿತ್ರಕಾರ ಎಂ.ಎಫ್. ಹುಸೇನ್ ಜೊತೆ ಕಾಶಿಗೆ ಹೋದರು. ಕಾಲಿಡಲು ಜಾಗ ಇಲ್ಲದ ಊರು ಅದು, ಆದರೆ ಅವರ ಕಾಶಿಯಲ್ಲಿ ಜನರೇ ಇಲ್ಲ. ಒತ್ತೊತ್ತಾಗಿ ನಿಂತ ಮನೆಗಳು, ಕೆಳಗೆ ನೀರು. ಬರಬರುತ್ತಾ ಮನೆಯೂ ಹೋಯಿತು, ಆ ಒತ್ತಡ ಮಾತ್ರ ಹೋಗಲಿಲ್ಲ. ಸಕ್ಕರೆಸೀಮೆ ಅವರ ಚೀಟಿ ಪ್ರಶ್ನೆಗೆ ನನ್ನ ಉತ್ತರ ಇದೇ. ಚೀಟಿ ತೆಗೆದರೂ ಅವು ಬೇರೆ ಊರಿನ ಚಿತ್ರ ಆಗುವುದಿಲ್ಲ.

ಸಕ್ಕರೆಸೀಮೆ:
ನನಗಿನ್ನೂ ಅನುಮಾನವೇ. ಅವರಿಗೆ ಮೊದಲು ಮನುಷ್ಯರನ್ನು ಬರೆಯಲು ಬರುತ್ತಿತ್ತು, ಅದನ್ನು ಮರೆಯಬೇಡಿ.

ನಾಲೆಏರಿ:
ತುಂಬಾ ಥ್ಯಾಂಕ್ಸ್. ಬದು ಮಾತ್ರ ಎಳೆಯುವುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು: ನೀರು ತುಂಬಿದ ಗದ್ದೆಗಳ ನಡುವೆ ಒಟ್ಲು (ನಾಟಿಗೆ ಸಸಿ ಬೆಳೆಸುವ ಮಡಿ) ಇರುತ್ತದಲ್ಲ, ಕಣ್ಣು ಕುಕ್ಕುವ ಎಳೆ ಹಸಿರು. ಅದನ್ನು ಇಡಲಾ, ಬಿಡಲಾ?

ಚಾರ್ಕೋಲ್_ಮೈಸೂರು:
ಇಡಿ, ಆದರೆ ಅದೊಂದೇ ಹಸಿರು ಇರಲಿ. ಉಳಿದದ್ದೆಲ್ಲ ಬೂದು, ಕೆಸರು ಕಂದು, ಬಿಳಿ ಜಾಗಕ್ಕೆ ಪೇಪರನ್ನೇ ಬಿಡಿ. ಹಸಿರನ್ನು ಲೆಮನ್ ಯೆಲ್ಲೋ ಜೊತೆ ಚೂರೇ ಚೂರು ನೀಲಿ ಹಾಕಿ ಮಾಡಿ, ಒಂದೇ ಸಲಕ್ಕೆ ಹಚ್ಚಿ, ಮೇಲೆ ಮತ್ತೆ ಬ್ರಷ್ ಆಡಿಸಬೇಡಿ. ಪೇಪರ್ 300 ಜಿಎಸ್‌ಎಂ ತಗೊಳ್ಳಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಪೇಪರ್, ತೆಳುವಾದದ್ದು ಇಷ್ಟು ನೀರಿಗೆ ಸೊಟ್ಟಗಾಗುತ್ತದೆ. ಆದಮೇಲೆ ಇಲ್ಲೇ ಹಾಕಿ, ನೋಡೋಣ.