ಓದುತ್ತಾ ಹೋದಂತೆ ಹಿಂದಿನದು ಮರೆಯುತ್ತದೆ, ಏನು ಮಾಡೋದು?

ದಾವಣಗೆರೆಯಿಂದ ಒಬ್ಬರ ಪ್ರಶ್ನೆ:
ಅಂಗಡಿ ಮುಚ್ಚಿ ಬಂದ ಮೇಲೆ ದಿನಾ ಹದಿನೈದು ಪುಟ ಓದುತ್ತೇನೆ. ದೊಡ್ಡ ಕಾದಂಬರಿಯಾದರೆ ಅರ್ಧಕ್ಕೆ ಬರುವಷ್ಟರಲ್ಲಿ ಮೊದಲು ಬಂದವರು ಯಾರು, ಏನು ಮಾಡಿದ್ದರು ಅನ್ನೋದೇ ಮರೆತಿರುತ್ತದೆ. ನೀವೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ಚಿತ್ರದುರ್ಗದಿಂದ:
ನಾನು ಮೊದಲು ಹೆಸರುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಗೆ ಓದಿದ ಹಾಗಾಯಿತು, ಬಿಟ್ಟೆ. ಈಗ ಕತೆಯನ್ನೇ ನಂಬುತ್ತೇನೆ. ನಮ್ಮ ಕೋಟೆಯನ್ನೇ ನೋಡಿ. ಮನೆಯಲ್ಲಿ ಕೂತು ಓಬವ್ವನ ಕತೆ ಹೇಳು ಅಂದರೆ ನನ್ನದು ಎರಡೇ ಮಾತಿಗೆ ಮುಗಿಯುತ್ತದೆ. ನೆಂಟರನ್ನು ಕರೆದುಕೊಂಡು ಹೋಗಿ ಆ ಕಿಂಡಿಯ ಮುಂದೆ ನಿಂತರೆ ಸಾಕು, ಊಟಕ್ಕೆ ಕೂತ ಗಂಡ, ನೀರಿಗೆ ಹೋದ ಓಬವ್ವ, ಒಬ್ಬೊಬ್ಬರಾಗಿ ನುಸುಳಿದ ಹೈದರಾಲಿಯ ಸೈನಿಕರು, ಒನಕೆ, ಎಲ್ಲ ಒಂದರ ಹಿಂದೆ ಒಂದು ಬರುತ್ತದೆ. ಪುಸ್ತಕದಲ್ಲೂ ಅಂಥ ಕಿಂಡಿಗಳಿರುತ್ತವೆ. ಒಂದು ಊರಿನ ಹೆಸರು, ಒಂದು ಕೊಡೆ, ಯಾರೋ ಹಿಂದೆ ಆಡಿದ್ದ ಅದೇ ಮಾತು. ಅದು ಮತ್ತೆ ಬಂದಾಗ ಸ್ವಲ್ಪ ನಿಲ್ಲಿ. ತಕ್ಷಣ ಪುಟ ತಿರುಗಿಸಿ ಹುಡುಕಬೇಡಿ. ಜಾಸ್ತಿ ಸಲ ನೆನಪು ತಾನಾಗಿಯೇ ಬರುತ್ತದೆ.

ಹರಿಹರದಿಂದ:
ಎರಡು ಪುಟ ಹಿಂದಿನಿಂದ ಶುರು ಮಾಡಿ ಸರ್. ನಾನು ಅಷ್ಟೇ ಮಾಡೋದು.

ಹೊಳಲ್ಕೆರೆಯಿಂದ ಒಬ್ಬ ಮೇಷ್ಟ್ರು:
ಕಿಂಡಿಯ ಮಾತು ನಿಜ. 1993ರಲ್ಲಿ ಅಮೆರಿಕದ ಸಂಶೋಧಕರಾದ ಆಲ್‌ಬ್ರೆಕ್ಟ್ ಮತ್ತು ಓಬ್ರಿಯನ್ ಇಂಥದ್ದನ್ನೇ ಪರೀಕ್ಷಿಸಿದ್ದರು. ಕತೆಯಲ್ಲಿ ಮೇರಿ ಎಂಬವಳು ಸಸ್ಯಾಹಾರಿ. ನಡುವೆ ಬೇರೆ ವಿಷಯದ ಕೆಲವು ವಾಕ್ಯಗಳು. ಆಮೇಲೆ ಅವಳು ಮಾಂಸವಿರುವ ಚೀಸ್‌ಬರ್ಗರ್ ತರಿಸುತ್ತಾಳೆ. ಆ ವಾಕ್ಯಕ್ಕೆ ಬಂದಾಗ ಓದುಗರ ವೇಗ ಕಡಿಮೆಯಾಯಿತು. ಹಿಂದಿನ ಮಾತು ಒಳಗೆಲ್ಲೋ ಇತ್ತು, ಬರ್ಗರ್ ಅಂದ ಕೂಡಲೇ ಎದ್ದು ಬಂತು. ಆದರೆ ಒಂದೇ ಥರದ ಹೆಸರುಗಳಿದ್ದರೆ ಹೀಗೆ ಕಾಯಬೇಡಿ. ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ.

ದಾವಣಗೆರೆಯಿಂದಲೇ ಇನ್ನೊಬ್ಬರು:
ಅಜ್ಜಿಗೆ ಕಣ್ಣು ಮಂಜು, ಮಧ್ಯಾಹ್ನ ನಾನೇ ಓದಿ ಹೇಳುತ್ತೇನೆ. ಪುಸ್ತಕ ತೆಗೆದ ಕೂಡಲೇ "ನಿನ್ನೆ ಎಲ್ಲಿಗೆ ನಿಂತಿತ್ತವ್ವಾ?" ಅನ್ನುತ್ತಾರೆ. ನಾಲ್ಕು ಮಾತಲ್ಲಿ ನಾನು ಹೇಳಬೇಕು. ಹಾಗೆ ಹೇಳಿ ಹೇಳಿಯೇ ನನಗೆ ಕತೆ ನಿಲ್ಲುತ್ತದೆ. ನೀವೂ ಮನೆಯವರಿಗೆ ಹೇಳಿ ನೋಡಿ. ಕಳೆದ ತಿಂಗಳು ಇನ್ನೂರು ಪುಟ ದಾಟಿದ ಮೇಲೆ ಕತೆಯಲ್ಲಿ ಒಂದು ಟ್ರಂಕು ಬಂತು. "ಸೊಸೆ ಸೆರಗಿಗೆ ಗಂಟು ಹಾಕಿದ್ದಳಲ್ಲ, ಆ ಬೀಗದ ಕೈ ಇದರದೇ" ಅಂದರು. ನಾನು ಮರೆತೇಬಿಟ್ಟಿದ್ದೆ. ನಿನಗೆ ಹೇಗೆ ನೆನಪಿತ್ತಜ್ಜಿ ಅಂತ ಕೇಳಿದೆ.

"ಅವಳು ಅದನ್ನ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅವತ್ತಿಂದ ಕಾಯ್ತಾ ಇದ್ದೆ" ಅಂದರು.